ಜೊತೆಗಿನ ಕಾಯಿಲೆ ಎಂಬ ತಪ್ಪು ಹೆಸರು

ಪುಣೆಯಲ್ಲೋ ಚೆನ್ನೈಯಲ್ಲೋ ಇರುವ, ಐವತ್ತರ ಆಸುಪಾಸಿನ ಒಬ್ಬ ಹೆಂಗಸನ್ನು ಊಹಿಸಿಕೊಳ್ಳಬಹುದು. ಏಳೆಂಟು ವರ್ಷಗಳಿಂದ ಅವರಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಬೆಳಗ್ಗೆ ಎದ್ದ ಮೇಲೆ ಗಂಟೆ ಹೊತ್ತು ಬೆರಳು ಮಡಚಲು ಬರುವುದಿಲ್ಲ. ಹಾಲಿನ ಪಾಕೀಟು ಕತ್ತರಿಸುವುದು, ಕುಕ್ಕರಿನ ಮುಚ್ಚಳ ತೆಗೆಯುವುದು ಮನೆಯ ಬೇರೆಯವರ ಕೆಲಸವಾಗಿದೆ. ಕಪಾಟಿನಲ್ಲಿ ಅವರ ಹೆಸರಿನ ಮೂರು ಫೈಲುಗಳಿವೆ. ಒಂದು ಕೀಲಿನ ಡಾಕ್ಟರದು. ಇನ್ನೊಂದು ಬಿಪಿ, ಸಕ್ಕರೆ ನೋಡುವ ಡಾಕ್ಟರದು. ಮೂರನೆಯದು ಹೋದ ವರ್ಷ ಒಣಕೆಮ್ಮು ಶುರುವಾಗಿ, ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ ತೋರಿಸಿದ ಎದೆ ಡಾಕ್ಟರದು. ನಾಲ್ಕನೆಯ ಫೈಲೊಂದು ಇರಬೇಕಿತ್ತು, ಇಲ್ಲ. ರಾತ್ರಿ ನಿದ್ದೆಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಆದರೆ ನೋವಿದ್ದವರಿಗೆ ಬೇಸರ ಇದ್ದದ್ದೇ ಎಂದು ಮನೆಯವರು ಅದನ್ನು ಕಾಯಿಲೆಯ ಲೆಕ್ಕಕ್ಕೆ ತಂದಿಲ್ಲ.

ಈ ಫೈಲುಗಳು ಒಂದನ್ನೊಂದು ಎಂದೂ ಭೇಟಿ ಮಾಡಿಲ್ಲ. ಒಬ್ಬರ ಚೀಟಿಯಲ್ಲಿ ಉಳಿದದ್ದೆಲ್ಲ ಒಂದೇ ಸಾಲಿನಲ್ಲಿ, "ಜೊತೆಗಿನ ಕಾಯಿಲೆಗಳು" ಎಂಬ ತಲೆಬರಹದ ಕೆಳಗೆ ಮುಗಿದುಹೋಗುತ್ತದೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ಬೆಳೆದ ಜಾಲ ಜೀವವಿಜ್ಞಾನ, ಅಂದರೆ ನೆಟ್‌ವರ್ಕ್ ಬಯಾಲಜಿ, ಮುಖ್ಯವಾಗಿ ಪ್ರಶ್ನಿಸುವುದು ಈ ತಲೆಬರಹವನ್ನೇ. ಜೊತೆಗೆ ಬಂದವು ಎಂದು ಬರೆದವು ನಿಜಕ್ಕೂ ಜೊತೆಗೆ ಬಂದವೇ, ಅಥವಾ ಒಂದೇ ಕಾಯಿಲೆ ಬೇರೆ ಬೇರೆ ಬಾಗಿಲುಗಳಲ್ಲಿ ಕಾಣಿಸಿಕೊಂಡದ್ದೇ?

ಮೊದಲು ಹೆಸರಿನ ವಿಚಾರ. ಹಳ್ಳಿಯ ಹಿರಿಯರು ಈಗಲೂ "ವಾಯು ಆಗಿದೆ" ಎನ್ನುತ್ತಾರೆ. ಆಯುರ್ವೇದದ ಮಾಧವ ನಿದಾನದಲ್ಲಿ ಆಮವಾತಕ್ಕೆ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ಯುರೋಪಿನ ಹಳೆಯ ವೈದ್ಯರು ಬಳಸಿದ ಗ್ರೀಕ್ ಮೂಲದ "ರೂಮ" ಎಂಬ ಪದಕ್ಕೆ ಹರಿಯುವುದು ಎಂಬ ಅರ್ಥವಿದೆ. ವಾತವಾಗಲಿ ರೂಮವಾಗಲಿ, ಹಳೆಯ ಎರಡೂ ಪದಗಳಲ್ಲಿ ಮೈಯೊಳಗೆ ಸಂಚರಿಸುವ ಯಾವುದೋ ಒಂದರ ಕಲ್ಪನೆಯಿತ್ತು. 1859ರಲ್ಲಿ ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್ ಇದನ್ನು ಗೌಟ್‌ನಿಂದ ಬೇರ್ಪಡಿಸಿ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಕರೆದರು. ಬೇರ್ಪಡಿಸಿದ್ದು ದೊಡ್ಡ ಉಪಕಾರ. ಆದರೆ ಆರ್ಥ್ರೈಟಿಸ್ ಎಂದರೆ ಕೀಲಿನ ಉರಿಯೂತ. ಹರಿಯುವುದು ಹೆಸರಿನ ಮೊದಲ ಅರ್ಧದಲ್ಲಿ ಬರೀ ನೆನಪಾಗಿ ಉಳಿಯಿತು, ಕಾಯಿಲೆಯ ವಿಳಾಸ ಮಾತ್ರ ಕೀಲು ಎಂದು ಗಟ್ಟಿಯಾಯಿತು. ಕನ್ನಡದ ಸಂಧಿವಾತ, ಕೀಲುವಾತ ಎಂಬ ಪದಗಳೂ ಈಗ ಅದೇ ವಿಳಾಸವನ್ನು ತೋರಿಸುತ್ತವೆ.

ಹಳೆಯ ಪದ ಇದನ್ನೆಲ್ಲ ಮೊದಲೇ ತಿಳಿದಿತ್ತು ಎಂದು ಬೀಗಬೇಕಾದ್ದೇನೂ ಇಲ್ಲ. ವಾತಕ್ಕೂ ಇಂದಿನ ರೋಗನಿರೋಧಕ ಶಾಸ್ತ್ರಕ್ಕೂ ನೇರ ನಂಟಿಲ್ಲ. ಹೇಳಬೇಕಾದ್ದು ಇಷ್ಟೆ: ಕಾಯಿಲೆಗೆ ಒಂದು ಅಂಗದ ಹೆಸರಿಟ್ಟರೆ ಅದನ್ನು ನೋಡುವ ಕಣ್ಣೂ ಆ ಅಂಗದಲ್ಲೇ ನಿಲ್ಲುತ್ತದೆ. 1970ರಲ್ಲಿ ಅಮೆರಿಕದ ಆಲ್ವನ್ ಫೈನ್‌ಸ್ಟೀನ್ "ಕೋಮಾರ್ಬಿಡಿಟಿ" ಎಂಬ ಪದ ತಂದರು. ಒಂದು ಕಾಯಿಲೆಯ ಚಿಕಿತ್ಸೆಯ ಫಲವನ್ನು ಲೆಕ್ಕ ಹಾಕುವಾಗ ರೋಗಿಗಿರುವ ಬೇರೆ ಕಾಯಿಲೆಗಳನ್ನೂ ಗಣನೆಗೆ ತೆಗೆದುಕೊಳ್ಳಿ ಎಂಬುದು ಅವರ ಕಾಳಜಿ. ಆ ಪದ ಕನ್ನಡಕ್ಕೆ ಸಹರೋಗವಾಗಿ, ಜೊತೆಗಿನ ಕಾಯಿಲೆಯಾಗಿ ಬಂದಿತು. ಗಣನೆಗೆ ತೆಗೆದುಕೊಳ್ಳಲು ಹುಟ್ಟಿದ ಪದ ಆಸ್ಪತ್ರೆಗಳಲ್ಲಿ ಬದಿಗಿಡುವ ಪದವಾಯಿತು.

ಬದಿಗಿಟ್ಟದ್ದರ ಬೆಲೆ ಸಣ್ಣದಲ್ಲ. ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು. ಯುರೋಪಿನ ಕೀಲುರೋಗ ತಜ್ಞರ ಒಕ್ಕೂಟವಂತೂ ಹೃದಯದ ಅಪಾಯದ ಸಾಮಾನ್ಯ ಲೆಕ್ಕವನ್ನು ಈ ರೋಗಿಗಳಿಗೆ 1.5ರಿಂದ ಗುಣಿಸಿ ಎಂದೇ ಸಲಹೆ ಕೊಟ್ಟಿದೆ. ಕೆಲವರಿಗೆ ಶ್ವಾಸಕೋಶದ ಅಂಗಾಂಶ ಗಡುಸಾಗುತ್ತ ಹೋಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2013ರ ಒಂದು ವಿಶ್ಲೇಷಣೆಯಲ್ಲಿ ಸುಮಾರು ಶೇ. 17ರಷ್ಟು ರೋಗಿಗಳಲ್ಲಿ ತೀವ್ರ ಖಿನ್ನತೆ ಕಂಡುಬಂದಿತ್ತು.

ಇದಕ್ಕೆ ಹಿಂದೆ ಕೊಡುತ್ತಿದ್ದ ವಿವರಣೆ ಸರಳ. ನೋವಿರುವವರು ನಡೆದಾಡುವುದಿಲ್ಲ, ತೂಕ ಏರುತ್ತದೆ, ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗುತ್ತಾರೆ, ಹೃದಯ ಕೆಡುತ್ತದೆ. ಇದು ಸುಳ್ಳಲ್ಲ, ಆದರೆ ಸಾಲದು. ಕಾಯಿಲೆ ಜೋರಾಗಿದ್ದಾಗ ಈ ರೋಗಿಗಳ ರಕ್ತದಲ್ಲಿ ಕೊಲೆಸ್ಟರಾಲ್ ಏರುವ ಬದಲು ಇಳಿಯುತ್ತದೆ. ಹೃದಯದ ಅಪಾಯ ಮಾತ್ರ ಏರುತ್ತದೆ. ಲ್ಯಾಬಿನ ರಿಪೋರ್ಟು ನೋಡಿ "ಕೊಲೆಸ್ಟರಾಲ್ ಚೆನ್ನಾಗಿದೆ ಅಮ್ಮ" ಎಂದು ಹೇಳಿ ಕಳಿಸಿದ ಡಾಕ್ಟರು ತಪ್ಪು ಓದಿದ್ದಲ್ಲ. ಓದಿದ್ದು ಒಂದು ಫೈಲು ಮಾತ್ರ. ಇನ್ನೊಂದು ಫೈಲಿನಲ್ಲಿದ್ದ ಉರಿಯೂತದ ಅಂಕಿ ಎದುರಿಗಿದ್ದಿದ್ದರೆ ಅದೇ ರಿಪೋರ್ಟಿಗೆ ಬೇರೆ ಅರ್ಥ ಬರುತ್ತಿತ್ತು.

ಜಾಲದ ಕಲ್ಪನೆ ನೆರವಿಗೆ ಬರುವುದು ಇಲ್ಲಿ. ಮುಂಬೈಯ ಲೋಕಲ್ ರೈಲು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿರಾರ್‌ನಲ್ಲಿ ಕಾಯುವವರಿಗೂ ಕಲ್ಯಾಣದಲ್ಲಿ ಕಾಯುವವರಿಗೂ ಸಂಬಂಧವಿಲ್ಲ, ಅವರ ಮಾರ್ಗಗಳೇ ಬೇರೆ. ಆದರೆ ಎರಡೂ ಮಾರ್ಗ ಮುಟ್ಟುವ ದಾದರಿನಲ್ಲಿ ಮಳೆನೀರು ನಿಂತರೆ ಇಬ್ಬರೂ ಪರದಾಡುತ್ತಾರೆ. ಜೀವಕೋಶದೊಳಗಿನ ಸಾವಿರಾರು ಪ್ರೋಟೀನುಗಳೂ ಹೀಗೆಯೇ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತ ಕೆಲಸ ಮಾಡುತ್ತವೆ. ಕೆಲವು ಪ್ರೋಟೀನುಗಳು ದಾದರಿನಂಥವು, ಹಲವು ದಾರಿಗಳು ಅಲ್ಲಿ ಕೂಡುತ್ತವೆ. ಅಲ್ಲಿ ಕೆಟ್ಟರೆ ತೊಂದರೆ ಒಬ್ಬರಿಗೆ ಕೀಲಿನಲ್ಲಿ, ಇನ್ನೊಬ್ಬರಿಗೆ ಕರುಳಿನಲ್ಲಿ, ಮತ್ತೊಬ್ಬರಿಗೆ ಚರ್ಮದಲ್ಲಿ ಕಾಣಬಹುದು. ಒಬ್ಬರಿಗೇ ಎರಡು ಮೂರು ಕಡೆಯೂ ಕಾಣಬಹುದು.

2007ರಲ್ಲಿ ಆಲ್ಬರ್ಟ್-ಲಾಸ್ಲೋ ಬರಬಾಶಿ ಮತ್ತು ಸಂಗಡಿಗರು ಮನುಷ್ಯರ ಕಾಯಿಲೆಗಳದ್ದೇ ಒಂದು ನಕ್ಷೆ ಪ್ರಕಟಿಸಿದರು. ಅದರಲ್ಲಿ 1,284 ಕಾಯಿಲೆಗಳು, ಅವುಗಳಿಗೆ ಸಂಬಂಧಿಸಿದ 1,777 ಜೀನುಗಳು ಇದ್ದವು. ಎರಡು ಕಾಯಿಲೆಗಳಿಗೆ ಒಂದು ಜೀನು ಸಮಾನವಾಗಿದ್ದರೆ ನಡುವೆ ಒಂದು ಗೆರೆ. 2015ರಲ್ಲಿ ಅದೇ ಬಳಗ 13,460 ಪ್ರೋಟೀನುಗಳ ನಡುವಿನ ಒಂದೂಕಾಲು ಲಕ್ಷಕ್ಕೂ ಹೆಚ್ಚು ಸಂಪರ್ಕಗಳನ್ನು ಜೋಡಿಸಿ, 299 ಕಾಯಿಲೆಗಳು ಆ ಜಾಲದಲ್ಲಿ ಎಲ್ಲೆಲ್ಲಿ ನೆಲೆಸಿವೆ ಎಂದು ಹುಡುಕಿತು. ಒಂದೊಂದು ಕಾಯಿಲೆಯ ಪ್ರೋಟೀನುಗಳು ಚೆಲ್ಲಾಪಿಲ್ಲಿಯಾಗಿಲ್ಲ, ಒಂದೇ ಕೇರಿಯಲ್ಲಿ ಗುಂಪಾಗಿವೆ ಎಂಬುದು ಅವರಿಗೆ ಕಂಡದ್ದು. ಎರಡು ಕಾಯಿಲೆಗಳ ಕೇರಿಗಳು ಒಂದರ ಮೇಲೊಂದು ಬಂದಿದ್ದರೆ ಅವುಗಳ ಲಕ್ಷಣಗಳೂ ಹೋಲುತ್ತವೆ, ಅವು ಒಬ್ಬರಲ್ಲೇ ಕಾಣಿಸಿಕೊಳ್ಳುವ ಸಂಭವವೂ ಹೆಚ್ಚು.

ಕೀಲಿನ ಕಾಯಿಲೆಯ ಮಟ್ಟಿಗೆ ಇಂಥ ಕೂಡುದಾಣಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ನಕ್ಷೆ ಬರುವ ಮೊದಲೇ ಸಿಕ್ಕಿತ್ತು. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆದರೆ ಏನಾಗುತ್ತದೆ ಎಂದು ಕೇಳಿದರು. 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ, ಮುಂದೆ ಇನ್‌ಫ್ಲಿಕ್ಸಿಮ್ಯಾಬ್ ಎಂದು ಹೆಸರಾದ ಔಷಧವನ್ನು ರುಮಟಾಯ್ಡ್ ಆರ್ಥ್ರೈಟಿಸ್ ರೋಗಿಗಳಿಗೆ ಮೊದಲ ಬಾರಿ ಕೊಡಲಾಯಿತು. ಬಾತುಕೊಂಡ ಕೀಲುಗಳು ಇಳಿದವು. ಆದರೆ ಅಮೆರಿಕದಲ್ಲಿ ಆ ಔಷಧಕ್ಕೆ ಮೊದಲು ಅನುಮತಿ ಸಿಕ್ಕಿದ್ದು 1998ರಲ್ಲಿ, ಕ್ರೋನ್ಸ್ ಎಂಬ ಕರುಳಿನ ಕಾಯಿಲೆಗೆ. ಕೀಲಿನ ಕಾಯಿಲೆಗೆ ಸಿಕ್ಕಿದ್ದು ಮರುವರ್ಷ. ಆಮೇಲೆ ಸೋರಿಯಾಸಿಸ್‌ಗೂ ಬೆನ್ನುಹುರಿಯ ಮೂಳೆಗಳ ಉರಿಯೂತಕ್ಕೂ ಇದೇ ಬಗೆಯ ಔಷಧಗಳು ಬಳಕೆಗೆ ಬಂದವು. ಒಂದು ದಾದರಿನ ನೀರು ಇಳಿಸಿದರೆ ಮೂರು ನಾಲ್ಕು ಮಾರ್ಗಗಳು ಸರಿಹೋದವು.

ಹೃದಯದ ಕಡೆಯಿಂದಲೂ ಉತ್ತರ ಬಂದಿದೆ. 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಪ್ರಯೋಗದಲ್ಲಿ ಮೊದಲೇ ಹೃದಯಾಘಾತವಾಗಿದ್ದ ಹತ್ತು ಸಾವಿರದಷ್ಟು ಜನರಿದ್ದರು. ಅವರಲ್ಲಿ ಕೆಲವರಿಗೆ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂದೇಶವಾಹಕವನ್ನು ತಡೆಯುವ ಔಷಧ ಕೊಟ್ಟರು. ಕೊಲೆಸ್ಟರಾಲ್ ಕದಲಲಿಲ್ಲ, ಆದರೂ ಒಂದು ಪ್ರಮಾಣದಲ್ಲಿ ಔಷಧ ಪಡೆದವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನಂಥ ಘಟನೆಗಳು ಶೇ. 15ರಷ್ಟು ಕಡಿಮೆಯಾದವು. ಗೌಟ್‌ನ ನೋವು ಬಡಿಯುವುದೂ ತಗ್ಗಿತು. ಉರಿಯೂತವನ್ನು ತಡೆದರೆ ಹೃದಯ ಉಳಿಯುತ್ತದೆ ಎಂಬುದಕ್ಕೆ ಇಷ್ಟು ನೇರವಾದ ಪುರಾವೆ ಅದಕ್ಕೆ ಮೊದಲು ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ವಿಜಯದ ಕತೆಯಾಗುತ್ತದೆ. ಜಾಲವನ್ನು ಮೆಚ್ಚಿ ಬರೆಯುವ ಅನೇಕರು ನಿಲ್ಲಿಸುವುದೂ ಇಲ್ಲಿಯೇ. ನಕ್ಷೆ ಕೈಕೊಟ್ಟ ಕಡೆಗಳನ್ನೂ ನೋಡಬೇಕು, ಕಲಿಯುವುದು ಅಲ್ಲಿ ಹೆಚ್ಚಿದೆ.

ಟಿಎನ್‌ಎಫ್ ತಡೆಯುವ ಇನ್ನೊಂದು ಔಷಧ ಎಟನರ್‌ಸೆಪ್ಟ್ ಕೀಲಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಕ್ರೋನ್ಸ್‌ಗೆ ಮಾಡುವುದಿಲ್ಲ. ಟಿಎನ್‌ಎಫ್ ತಡೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆಗೂ ಒದಗೀತು ಎಂದು ಪ್ರಯೋಗಿಸಿದಾಗ ರೋಗ ಮರುಕಳಿಸುವುದು ಹೆಚ್ಚಾಯಿತು. 1999ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಸೋರಿಯಾಸಿಸ್‌ಗೆ ಬಹಳ ಒಳ್ಳೆಯದಾದ ಇಂಟರ್‌ಲ್ಯೂಕಿನ್-17 ತಡೆಯುವ ಔಷಧ ಕರುಳಿನ ಕಾಯಿಲೆಯನ್ನು ಕೆರಳಿಸಿತು. ಟಿಎನ್‌ಎಫ್ ತಡೆಯುವ ಔಷಧಗಳಿಂದಲೇ ಕೆಲವರ ಚರ್ಮದ ಮೇಲೆ ಸೋರಿಯಾಸಿಸ್ ಎದ್ದದ್ದೂ ಉಂಟು. ಜೀನಿನ ಮಟ್ಟದಲ್ಲೂ ಇದೇ ಪಾಠ. ಪಿಟಿಪಿಎನ್22 ಎಂಬ ಜೀನಿನ ಒಂದು ರೂಪ ರುಮಟಾಯ್ಡ್ ಆರ್ಥ್ರೈಟಿಸ್‌ನ ಅಪಾಯವನ್ನೂ ಮೊದಲ ಬಗೆಯ ಮಧುಮೇಹದ ಅಪಾಯವನ್ನೂ ಹೆಚ್ಚಿಸುತ್ತದೆ, ಕ್ರೋನ್ಸ್‌ನ ಅಪಾಯವನ್ನು ತಗ್ಗಿಸುತ್ತದೆ.

ನಕ್ಷೆಯಲ್ಲಿ ಇವೆಲ್ಲದರ ನಡುವೆ ಒಂದೇ ಬಗೆಯ ಗೆರೆ ಇರುತ್ತದೆ. ಗೆರೆ ಹೇಳುವುದು ನೆರೆಹೊರೆಯನ್ನು ಮಾತ್ರ. ನೆರೆಯವರು ಸ್ನೇಹದಲ್ಲಿದ್ದಾರೋ ಜಗಳದಲ್ಲಿದ್ದಾರೋ ಹೇಳುವುದಿಲ್ಲ. ಹಳಿ ಇದೆ ಎಂದ ಮಾತ್ರಕ್ಕೆ ರೈಲು ಯಾವ ಕಡೆಗೆ ಹೋಗುತ್ತಿದೆ ಎಂಬುದು ಗೊತ್ತಾಗುವುದಿಲ್ಲ.

ಹೃದಯದ ವಿಷಯದಲ್ಲೂ ಹೀಗೆಯೇ ಆಯಿತು. ಕ್ಯಾಂಟೋಸ್ ಗೆದ್ದಾಗ, ಕೀಲಿನ ರೋಗಿಗಳು ದಶಕಗಳಿಂದ ನುಂಗುತ್ತಿರುವ ಅಗ್ಗದ ಮೆಥೊಟ್ರೆಕ್ಸೇಟ್ ಕೂಡ ಹೃದ್ರೋಗಿಗಳನ್ನು ಕಾಪಾಡೀತು ಎಂಬ ಆಸೆಯಿತ್ತು. ಸುಮಾರು 4,800 ಹೃದ್ರೋಗಿಗಳ ಮೇಲೆ ನಡೆದ ಸರ್ಟ್ ಪ್ರಯೋಗದಲ್ಲಿ ಅದು ಕಾಪಾಡಲಿಲ್ಲ. ಉರಿಯೂತ ಎಂಬ ಒಂದು ಪದದ ಕೆಳಗೆ ಹಲವು ದಾರಿಗಳಿವೆ, ಎಲ್ಲವನ್ನೂ ಒಂದೇ ಮಾತ್ರೆ ಮುಟ್ಟುವುದಿಲ್ಲ. ಇನ್ನೊಂದು ಕಡೆ, ಗೌಟ್‌ಗೆ ಶತಮಾನಗಳಿಂದ ಕೊಡುತ್ತಿದ್ದ ಕಾಲ್ಚಿಸಿನ್ ಹೃದಯಾಘಾತವಾದವರಿಗೆ ಸಣ್ಣ ಪ್ರಮಾಣದಲ್ಲಿ ನೆರವಾಗುತ್ತದೆ ಎಂದು 2019ರ ಕಾಲ್ಕಾಟ್ ಪ್ರಯೋಗ ತೋರಿಸಿತು. ಯಾವುದು ಗೆಲ್ಲುತ್ತದೆ, ಯಾವುದು ಸೋಲುತ್ತದೆ ಎಂದು ತೀರ್ಮಾನಿಸಿದ್ದು ಪ್ರಯೋಗ.

ನಕ್ಷೆ ಮತ್ತು ಪ್ರಯೋಗದ ಸರಿಯಾದ ಸಂಬಂಧ ಹೇಗಿರಬೇಕು ಎಂಬುದಕ್ಕೆ ಕೋವಿಡ್ ಕಾಲದ ಒಂದು ಉದಾಹರಣೆಯಿದೆ. 2020ರ ಫೆಬ್ರುವರಿಯಲ್ಲಿ ಬೆನವಲೆಂಟ್‌ಎಐ ಎಂಬ ಸಂಸ್ಥೆಯ ಸಂಶೋಧಕರು ಔಷಧ, ಪ್ರೋಟೀನು, ಕಾಯಿಲೆಗಳ ನಂಟುಗಳನ್ನು ಕೂಡಿಸಿಟ್ಟ ಜಾಲದಲ್ಲಿ ಹುಡುಕಿ, ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಕೊಡುವ ಬ್ಯಾರಿಸಿಟಿನಿಬ್ ಕೋವಿಡ್‌ಗೆ ಒದಗಬಹುದು ಎಂದು ಲ್ಯಾನ್ಸೆಟ್‌ನಲ್ಲಿ ಬರೆದರು. ಅದು ಸಲಹೆ ಮಾತ್ರ. ಅದನ್ನು ಒರೆಗೆ ಹಚ್ಚಿದ್ದು ಪ್ರಯೋಗಗಳು. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ್ದ ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಅಲ್ಲಿ ಈ ಔಷಧ ಪಡೆದವರಲ್ಲಿ ಸಾವು ಶೇ. 13ರಷ್ಟು ತಗ್ಗಿತು. ಅದೇ ಕುಟುಂಬದ ಇನ್ನೊಂದು ಮಾತ್ರೆ ಟೋಫಾಸಿಟಿನಿಬ್. ಐವತ್ತು ದಾಟಿದ, ಹೃದಯದ ಅಪಾಯ ಮೊದಲೇ ಇದ್ದ ಆರ್ಥ್ರೈಟಿಸ್ ರೋಗಿಗಳಲ್ಲಿ ಟಿಎನ್‌ಎಫ್ ತಡೆಯುವ ಔಷಧ ಪಡೆದವರಿಗಿಂತ ಇದನ್ನು ಪಡೆದವರಲ್ಲಿ ಹೃದಯದ ತೊಂದರೆ, ಕ್ಯಾನ್ಸರ್ ಎರಡೂ ಹೆಚ್ಚು ಕಂಡವು. ಕೀಲನ್ನು ತಣಿಸಿದ ಔಷಧವೆಲ್ಲ ಹೃದಯಕ್ಕೂ ಅಷ್ಟೇ ಒಳ್ಳೆಯದು ಎಂಬ ಸರಳ ಲೆಕ್ಕ ಅಲ್ಲಿಗೆ ಮುರಿಯಿತು.

ಹಾಗಾದರೆ ಜಾಲದಿಂದ ಏನು ಬಂತು? ಪ್ರಶ್ನೆ ಬಂತು. ಯಾವ ಎರಡು ಕಾಯಿಲೆಗಳ ನಡುವೆ ಹುಡುಕಬೇಕು, ಯಾವ ಔಷಧವನ್ನು ಎಲ್ಲಿ ಪರೀಕ್ಷಿಸಬೇಕು, ಯಾವ ರೋಗಿಯ ಯಾವ ಅಂಗವನ್ನು ಕೇಳದೆಯೂ ನೋಡಬೇಕು ಎಂಬುದನ್ನು ಅದು ಸೂಚಿಸುತ್ತದೆ. ಅದನ್ನು ಉತ್ತರವೆಂದು ಮಾರುವುದು ತಪ್ಪು. ಉತ್ತರ ಕೊಡಲಿಲ್ಲವೆಂದು ಕಡೆಗಣಿಸುವುದೂ ಅಷ್ಟೇ ತಪ್ಪು.

ಭಾರತದಲ್ಲಿ ಈ ಪ್ರಶ್ನೆ ಇನ್ನೊಂದು ತಿರುವು ಪಡೆಯುತ್ತದೆ. 2015ರ ಆ ಲೇಖನದ ಶೀರ್ಷಿಕೆಯಲ್ಲೇ ಪ್ರೋಟೀನುಗಳ ಜಾಲ ಅಪೂರ್ಣವಾದದ್ದು ಎಂಬ ಮಾತಿದೆ. ಅಪೂರ್ಣತೆ ಎಲ್ಲ ಕಡೆಯೂ ಒಂದೇ ಅಳತೆಯದಲ್ಲ. ಕಾಯಿಲೆಗಳ ಜೀನು ಹುಡುಕುವ ದೊಡ್ಡ ಅಧ್ಯಯನಗಳ ಬಹುಪಾಲು ಯುರೋಪ್ ಮೂಲದವರ ರಕ್ತದ ಮೇಲೆ ನಡೆದಿವೆ. ಅಲ್ಲಿ ಬರೆದ ನಕ್ಷೆಯಲ್ಲಿ ಇಲ್ಲಿನ ಒಂದು ದೊಡ್ಡ ನಿಲ್ದಾಣ ಸಣ್ಣ ಚುಕ್ಕೆಯಾಗಿ ಕಾಣುತ್ತದೆ. ಅದು ಕ್ಷಯ.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದಾರೆ. ರೋಗ ಬಾರದಿದ್ದರೂ ಒಳಗೆ ರೋಗಾಣು ಮಲಗಿರುವವರು ಇನ್ನೆಷ್ಟೋ ಪಟ್ಟು. ಆ ರೋಗಾಣುವಿನ ಸುತ್ತ ಮೈಯ ರಕ್ಷಣಾ ಕೋಶಗಳು ಗೋಡೆ ಕಟ್ಟಿ ಕೂತಿರುತ್ತವೆ, ಗೋಡೆ ನಿಲ್ಲಲು ಟಿಎನ್‌ಎಫ್ ಬೇಕು. ಕೀಲಿನಲ್ಲಿ ಬೆಂಕಿ ಹಚ್ಚುವ ಅದೇ ಪ್ರೋಟೀನು ಶ್ವಾಸಕೋಶದಲ್ಲಿ ಕಾವಲುಗಾರ. ಇನ್‌ಫ್ಲಿಕ್ಸಿಮ್ಯಾಬ್ ಪಡೆದ 70 ಜನರಲ್ಲಿ ಕ್ಷಯ ಕಾಣಿಸಿಕೊಂಡದ್ದನ್ನು 2001ರಲ್ಲಿ ವೈದ್ಯರು ವರದಿ ಮಾಡಿದರು. ಅಂದಿನಿಂದ ಈ ಚುಚ್ಚುಮದ್ದಿಗೆ ಮೊದಲು ಕ್ಷಯದ ಪರೀಕ್ಷೆ ಕಡ್ಡಾಯದಂತಾಗಿದೆ. ಕೀಲಿನ ಕಾಯಿಲೆಯ ಜೊತೆಗಾರರ ಪಟ್ಟಿಯನ್ನು ಭಾರತದಲ್ಲಿ ಬರೆದಿದ್ದರೆ ಕ್ಷಯ ಮೊದಲ ಸಾಲಿನಲ್ಲೇ ಇರುತ್ತಿತ್ತು.

ಇಲ್ಲಿ ಎಣಿಕೆಯೇ ನಡೆದಿಲ್ಲ ಎಂದಲ್ಲ. 1993ರಲ್ಲಿ ದೆಹಲಿಯ ಹತ್ತಿರದ ಹಳ್ಳಿಗಳ ವಯಸ್ಕರ ಸಮೀಕ್ಷೆಯೊಂದು ರುಮಟಾಯ್ಡ್ ಆರ್ಥ್ರೈಟಿಸ್‌ನ ಪ್ರಮಾಣ ಶೇ. 0.75 ಎಂದು ಹೇಳಿತು. 1996ರಲ್ಲಿ ಪುಣೆ ಜಿಲ್ಲೆಯ ಭಿಗವಣದಲ್ಲಿ ಅರವಿಂದ್ ಚೋಪ್ರಾ ಮತ್ತು ತಂಡ ಮನೆಮನೆಗೆ ಹೋಗಿ ಕೀಲುನೋವಿನ ಲೆಕ್ಕ ತೆಗೆಯಲು ಆರಂಭಿಸಿತು. ಎಷ್ಟು ಜನರಿಗೆ ಕೀಲಿನ ಕಾಯಿಲೆಯಿದೆ ಎಂಬ ಪ್ರಶ್ನೆಗೆ ಇವು ಉತ್ತರ ಹುಡುಕಿದವು. ಇನ್ನು ಬೇಕಾದ್ದು ಮುಂದಿನ ಹೆಜ್ಜೆ. ಅದೇ ಜನರ ಹೃದಯ, ಶ್ವಾಸಕೋಶ, ಸಕ್ಕರೆ, ಕ್ಷಯ, ಮನಸ್ಸು ಹತ್ತು ಹದಿನೈದು ವರ್ಷಗಳಲ್ಲಿ ಏನಾಗುತ್ತವೆ ಎಂಬುದನ್ನು ಒಂದೇ ಪುಸ್ತಕದಲ್ಲಿ ಬರೆದಿಡುವುದು. ಜಾಲ ಹೆಣೆಯಲು ಸೂಪರ್ ಕಂಪ್ಯೂಟರ್ ಸಿಕ್ಕೀತು, ಈ ಪುಸ್ತಕ ಬರೆಯುವ ತಾಳ್ಮೆ ಸಿಗುವುದು ಕಷ್ಟ. ಪುಸ್ತಕವಿಲ್ಲದ ಜಾಲ ಬೇರೆಯವರ ಊರಿನ ರೈಲು ನಕ್ಷೆಯಿದ್ದಂತೆ.

ಆದರೆ ಆರಂಭದಲ್ಲಿ ಊಹಿಸಿಕೊಂಡ ಆ ಹೆಂಗಸು ಹದಿನೈದು ವರ್ಷ ಕಾಯಬೇಕಿಲ್ಲ. ಗೊತ್ತಿರುವಷ್ಟು ಜಾಲವೇ ಅವರ ಮಟ್ಟಿಗೆ ಸಾಕಷ್ಟು ಹೇಳುತ್ತದೆ. ಬ್ರಿಟನ್ನಿನ ರೋಗಿಗಳ ನೋಂದಣಿಯಲ್ಲಿ ಟಿಎನ್‌ಎಫ್ ತಡೆಯುವ ಔಷಧಕ್ಕೆ ಆರು ತಿಂಗಳಲ್ಲಿ ಚೆನ್ನಾಗಿ ಸ್ಪಂದಿಸಿದವರಲ್ಲಿ, ಸ್ಪಂದಿಸದವರಿಗಿಂತ ಹೃದಯಾಘಾತ ಕಡಿಮೆ ಕಂಡಿತ್ತು. ಅಂದರೆ ಕೀಲಿನ ಉರಿಯೂತವನ್ನು ಹತೋಟಿಗೆ ತರುವುದು ನೋವಿಗಷ್ಟೇ ಸಂಬಂಧಿಸಿದ ಮಾತಲ್ಲ. ನೋವು ತಡೆದುಕೊಳ್ಳುತ್ತೇನೆ ಎಂದು ಮಾತ್ರೆ ಬಿಟ್ಟು ಕೂರುವ ಸಹನೆಯನ್ನು ಮನೆಯವರು ಹೊಗಳುವುದುಂಟು. ಆ ಸಹನೆಯ ಬೆಲೆಯನ್ನು ಹೃದಯ ತೆರಬೇಕಾದೀತು.

ಕೀಲಿನ ಡಾಕ್ಟರರ ಚೀಟಿಯಲ್ಲಿ ಬಿಪಿ, ಸಕ್ಕರೆ, ಕೊಲೆಸ್ಟರಾಲ್‌ಗೆ ಒಂದು ಸಾಲು ಬೇಕು. ಆ ಕೊಲೆಸ್ಟರಾಲನ್ನು ಓದುವವರ ಎದುರಿಗೆ ಉರಿಯೂತದ ಅಂಕಿಯೂ ಇರಬೇಕು. ಕೆಮ್ಮು ಇದೆಯೇ, ಏದುಸಿರು ಬರುತ್ತದೆಯೇ, ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ ಎಂದು ಕೇಳಬೇಕು. ಬೀಡಿ ಸಿಗರೇಟಿನ ಅಭ್ಯಾಸ ಕೇಳಬೇಕು, ಏಕೆಂದರೆ ಹೊಗೆ ಕೆಲವು ಜೀನುಗಳಿರುವವರಲ್ಲಿ ಈ ಕಾಯಿಲೆಯ ಹುಟ್ಟಿಗೇ ಕಾರಣಗಳಲ್ಲೊಂದು. ನಿದ್ದೆ ಬರುತ್ತದೆಯೇ, ಮನಸ್ಸು ಹೇಗಿದೆ ಎಂದು ಕೇಳಬೇಕು. ಇದರಲ್ಲಿ ಯಾವುದಕ್ಕೂ ಲಕ್ಷಗಟ್ಟಲೆ ಖರ್ಚಿಲ್ಲ. ಹತ್ತು ನಿಮಿಷ ಬೇಕು. ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಆ ಹತ್ತು ನಿಮಿಷವೇ ದುಬಾರಿ ಎಂಬುದು ನಿಜ. ಹಾಗಾಗಿ ಈ ಪ್ರಶ್ನೆಗಳನ್ನು ಡಾಕ್ಟರೇ ಕೇಳಬೇಕೆಂದಿಲ್ಲ. ನರ್ಸು ಕೇಳಿ ಬರೆದಿಡಬಹುದು. ಕಾಯುವ ಬೆಂಚಿನ ಮೇಲೆ ಕೂತ ರೋಗಿಯ ಕೈಗೆ ಅವರ ಭಾಷೆಯಲ್ಲೇ ಅಚ್ಚಾದ ಒಂದು ಹಾಳೆ ಕೊಟ್ಟರೂ ಆದೀತು.

ಅಲ್ಲಿಯವರೆಗೆ ರೋಗಿಯ ಕಡೆಯವರು ಮಾಡಬಹುದಾದ ಕೆಲಸ ಒಂದಿದೆ. ಮುಂದಿನ ಸಲ ಯಾವ ಡಾಕ್ಟರ ಬಳಿ ಹೋಗುವಾಗಲೂ ಕಪಾಟಿನಿಂದ ಒಂದು ಫೈಲಿನ ಬದಲು ಮೂರನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗುವುದು. ನಾಲ್ಕನೆಯದು ಇಲ್ಲವಲ್ಲ, ಅದನ್ನು ಬಾಯಲ್ಲಿ ಹೇಳುವುದು.